ಪದ ಸಿಕ್ಕಿತೆಂದು ಸಾಲು ಅಳಿಸಬಹುದೇ?

ಕ್ಯಾಲಿಫೋರ್ನಿಯಾದ ಸರಟೋಗಾದಲ್ಲಿ ಮನೆ ಕೊಂಡವರು ಊರಿನ ಬಗ್ಗೆ ಹೇಳುವುದು ಬೆಟ್ಟದ ಮಗ್ಗುಲಿನ ತಂಪು, ಒಳ್ಳೆಯ ಶಾಲೆಗಳು, ಗ್ರಂಥಾಲಯದ ಪಕ್ಕದಲ್ಲಿ ಊರವರು ಜತನದಿಂದ ಉಳಿಸಿಕೊಂಡಿರುವ ಜರದಾಳು-ಪ್ಲಮ್ ತೋಟ. ಮನೆಯ ಹಳೆಯ ಕಾಗದಪತ್ರಗಳ ಮಾತು ಬರುವುದೇ ಇಲ್ಲ. ಸಹಿ ಹಾಕುವ ದಿನ ಕಂತೆಗಟ್ಟಲೆ ಹಾಳೆ ಮುಂದಿಟ್ಟಾಗ, 1930-40ರ ಕಾಲದ ಷರತ್ತುಗಳನ್ನು ಓದುವಷ್ಟು ವ್ಯವಧಾನ ಯಾರಿಗಿರುತ್ತದೆ?

ಆದರೆ ಸರಟೋಗಾ ಸೇರಿರುವ ಸಾಂತಾ ಕ್ಲಾರಾ ಕೌಂಟಿಯ ಹಳೆಯ ಕ್ರಯಪತ್ರಗಳಲ್ಲಿ ಓದಬೇಕಾದ ಸಾಲುಗಳಿವೆ. ಬಿಳಿಯರಲ್ಲದವರು ಈ ಜಾಗದಲ್ಲಿ ವಾಸಿಸಕೂಡದು, ಮನೆಗೆಲಸದವರಾದರೆ ಮಾತ್ರ ಇರಬಹುದು ಎನ್ನುವ ಧಾಟಿಯ ಷರತ್ತುಗಳು. ಭಾರತೀಯರು ಬಿಳಿಯರಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತ್ತು. ಅಂದರೆ ಆ ಷರತ್ತು ನಮಗೂ ಅನ್ವಯಿಸುತ್ತಿತ್ತು. ಇಂಥ ಕರಾರನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅದೇ ಕೋರ್ಟ್ 1948ರಲ್ಲಿ ಹೇಳಿತು. 1968ರ ವಸತಿ ಕಾನೂನು ಅವನ್ನು ಪೂರಾ ನಿಷೇಧಿಸಿತು. ಬಲ ಹೋಯಿತು, ಅಕ್ಷರ ಉಳಿಯಿತು. ಇಂದು ಸರಟೋಗಾದ ನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಏಷ್ಯಾ ಮೂಲದವರು. ಅವರು ಕೊಳ್ಳುವ ಹಳೆಯ ಮನೆಯ ದಾಖಲೆಯಲ್ಲಿ ‘ನೀನು ಇಲ್ಲಿರಕೂಡದು’ ಎನ್ನುವ ಸಾಲು ಇದ್ದರೂ ಇರಬಹುದು. ಇದು ಸಣ್ಣ ಅವಮಾನವಲ್ಲ.

2021ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿತು: ಪ್ರತಿ ಕೌಂಟಿಯೂ ತನ್ನ ದಾಖಲೆಗಳನ್ನು ಜಾಲಾಡಿ ಈ ಸಾಲುಗಳನ್ನು ಹುಡುಕಬೇಕು, ಮಸಿ ಬಳಿಯಬೇಕು. ಸಾಂತಾ ಕ್ಲಾರಾದಲ್ಲಿರುವ ಆಸ್ತಿ ದಾಖಲೆಗಳು ಸುಮಾರು 2.4 ಕೋಟಿ. ಸಿಬ್ಬಂದಿ ಕಣ್ಣಲ್ಲಿ ಕಣ್ಣಿಟ್ಟು ಲಕ್ಷದ ಹತ್ತಿರ ಪುಟ ಓದಿದಾಗ ಸಿಕ್ಕಿದ್ದು ಸುಮಾರು 400 ಷರತ್ತು.

ಈ ಸಿಲಿಕಾನ್ ಕಣಿವೆಯ ಯಾವ ಎಂಜಿನಿಯರನ್ನು ಕೇಳಿದರೂ ಮೊದಲು ಬರುವ ಉತ್ತರ ಒಂದೇ: ಸ್ಕ್ರಿಪ್ಟ್ ಬರೆದರಾಯಿತು. ಬೇಡದ ಪದ ಕೊಡು, ಅದಿರುವ ಸಾಲನ್ನೆಲ್ಲ ಕಿತ್ತುಹಾಕು. ಗ್ರೆಪ್ ಎಂಬ ಆಜ್ಞೆಗೆ ‘ವಿ’ ಸೇರಿಸಿದರೆ ಆ ಪದವಿಲ್ಲದ ಸಾಲುಗಳಷ್ಟೇ ಹೊರಬರುತ್ತವೆ. ಸೆಡ್ ಎಂಬ ಇನ್ನೊಂದು ಆಜ್ಞೆಗೆ ಪದದ ನಂತರ ‘ಡಿ’ ಕೊಟ್ಟರೂ ಅದೇ ಫಲ. ಲಕ್ಷ ಸಾಲಿನ ಕಡತವಾದರೂ ಕಣ್ಣು ಮಿಟುಕಿಸುವುದರಲ್ಲಿ ಕೆಲಸ ಮುಗಿದಿರುತ್ತದೆ. ಗ್ರೆಪ್ ಹುಟ್ಟಿದ್ದು ಮಾತ್ರ ಅಳಿಸುವುದಕ್ಕಲ್ಲ. ಬೆಲ್ ಲ್ಯಾಬ್ಸ್‌ನ ಲೀ ಮೆಕ್‌ಮಾಹನ್ ಅವರಿಗೆ ಅಮೆರಿಕದ ಸಂವಿಧಾನದ ಕಾಲದ ‘ಫೆಡರಲಿಸ್ಟ್’ ಪ್ರಬಂಧಗಳಲ್ಲಿ ಯಾವುದನ್ನು ಯಾರು ಬರೆದರೆಂದು ಪದಬಳಕೆಯ ಮೇಲೆ ಪತ್ತೆಹಚ್ಚುವ ಆಸೆ. ಅಷ್ಟು ದೊಡ್ಡ ಪಠ್ಯ ಆಗಿನ ಎಡಿಟರ್‌ನಲ್ಲಿ ಹಿಡಿಸುತ್ತಿರಲಿಲ್ಲ. 1973ರ ಸುಮಾರಿಗೆ ಕೆನ್ ಥಾಂಪ್ಸನ್ ಆ ಎಡಿಟರ್‌ನಿಂದ ಹುಡುಕುವ ಭಾಗವನ್ನು ಬೇರ್ಪಡಿಸಿ ಗ್ರೆಪ್ ಮಾಡಿಕೊಟ್ಟರು. ಸೆಡ್ ಬರೆದವರು ಮೆಕ್‌ಮಾಹನ್ ಅವರೇ. ಗ್ರೆಪ್ ಓದುವವರಿಗಾಗಿ ಬಂದ ಸಾಧನ.

ತೊಂದರೆ ಇರುವುದು ಪದದಲ್ಲಿ. ನಮ್ಮ ಕನ್ನಡದಲ್ಲೇ ನೋಡಿ. ಸಂಘದ ಸದಸ್ಯರ ಪಟ್ಟಿಯಿಂದ ‘ಜಯ’ ಎಂಬೊಬ್ಬರ ಸಾಲು ತೆಗೆಯಬೇಕು ಎನ್ನೋಣ. ಆಜ್ಞೆ ಕೊಟ್ಟರೆ ವಿಜಯ, ಅಜಯ, ಜಯಂತಿ, ಜಯರಾಮಯ್ಯ ಎಲ್ಲರೂ ಮಾಯ. ‘ಮರ’ ಎಂದು ಹುಡುಕಿದರೆ ಅಮರ, ಮರಣ ಹೋಗುವುದು ಸರಿಯೇ, ಮರಿ, ಮರೆವು, ಮರ್ಯಾದೆಯೂ ಹೋಗುತ್ತವೆ. ನಮ್ಮ ಗುಣಿತದ ಚಿಹ್ನೆಗಳು ಕಡತದಲ್ಲಿ ವ್ಯಂಜನದ ನಂತರ ಬೇರೆ ಸಂಕೇತಗಳಾಗಿ ಕೂರುವುದರಿಂದ ಯಂತ್ರಕ್ಕೆ ‘ಮರಿ’ಯೊಳಗೂ ‘ಮರ’ ಕಾಣುತ್ತದೆ. ಇನ್ನು ‘ಕೊಡಗು’ ಎಂಬುದರ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ನೀವು ಒಂದನ್ನು ಹುಡುಕಿದರೆ ಇನ್ನೊಂದು ನಗುತ್ತಾ ಅಲ್ಲೇ ಉಳಿದಿರುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳಲ್ಲಂತೂ ಯಂತ್ರದ ಪಾಲಿಗೆ ಕನ್ನಡವೇ ಇಲ್ಲ.

ಕೌಂಟಿಯ ಕ್ರಯಪತ್ರಗಳಲ್ಲೂ ಇದೇ ತೊಡಕು. ‘ವೈಟ್’ ಎಂಬ ಪದವಿರುವ ಪುಟದಲ್ಲಿ ಜನಾಂಗದ ಷರತ್ತೇ ಇರಬೇಕೆಂದಿಲ್ಲ. ಮಾರಿದವನ ಅಡ್ಡಹೆಸರು ವೈಟ್ ಇರಬಹುದು, ಬ್ಲ್ಯಾಕ್ ಇರಬಹುದು. ಮಸುಕಾದ ಹಳೆಯ ಹಾಳೆಯನ್ನು ಸ್ಕ್ಯಾನ್ ಮಾಡಿ ಅಕ್ಷರವಾಗಿಸುವಾಗ ಒಂದು ಅಕ್ಷರ ತಪ್ಪಿದರೆ ನಿಜವಾದ ಷರತ್ತೇ ಜಾರಿಕೊಳ್ಳುತ್ತದೆ. ನಿರಪರಾಧಿ ಸಾಲು ಅಳಿಸಿಹೋಗಿ ಅಪರಾಧಿ ಸಾಲು ಉಳಿದರೆ ಏನು ಬಂತು?

ಆದ್ದರಿಂದ ಕೌಂಟಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿತು. ಅವರು ಪದದ ಬದಲು ವಾಕ್ಯದ ಅರ್ಥ ಹಿಡಿಯುವಂತೆ ಒಂದು ಭಾಷಾ ಮಾದರಿಯನ್ನು ತರಬೇತುಗೊಳಿಸಿ, 1902ರಿಂದ 1980ರವರೆಗಿನ 52 ಲಕ್ಷ ಪುಟಗಳನ್ನು ಅದರಿಂದ ಓದಿಸಿದರು. ಸಿಕ್ಕಿದ ಷರತ್ತುಗಳು ಸುಮಾರು 7,500. ಕೈಯಿಂದ ಮಾಡಿದ್ದರೆ 86,500 ಗಂಟೆ ಹಿಡಿಯುತ್ತಿತ್ತೆಂದು ಅವರ ಅಂದಾಜು. 1950ರ ಹೊತ್ತಿಗೆ ಕೌಂಟಿಯ ಪ್ರತಿ ನಾಲ್ಕು ಆಸ್ತಿಗಳಲ್ಲಿ ಒಂದರ ಮೇಲೆ ಇಂಥ ಷರತ್ತಿತ್ತು ಎಂಬುದೂ ಈ ಓದಿನಿಂದಲೇ ತಿಳಿಯಿತು. ಮೊದಲೇ ಸಾಲುಗಳನ್ನು ಕಿತ್ತೆಸೆದಿದ್ದರೆ ಈ ಲೆಕ್ಕ ಯಾರಿಗೂ ಸಿಗುತ್ತಿರಲಿಲ್ಲ.

2021ರ ಆ ಕಾನೂನಿನಲ್ಲಿ ನನಗೆ ಬಹಳ ಹಿಡಿಸಿದ ಭಾಗ ಬೇರೆ. ಯಂತ್ರ ಅಥವಾ ಸಿಬ್ಬಂದಿ ತೋರಿಸಿದ ಸಾಲನ್ನು ಕೌಂಟಿಯ ವಕೀಲರು ನೋಡಿ ಒಪ್ಪಬೇಕು. ಮಸಿ ಬಳಿದ ಪ್ರತಿಯು ದಾಖಲೆಗೆ ಸೇರುತ್ತದೆ, ಮೂಲಪ್ರತಿ ಹಾಗೆಯೇ ಭದ್ರವಾಗಿ ಉಳಿಯುತ್ತದೆ. ಮನೆ ಕೊಳ್ಳುವವನ ಕಣ್ಣಿಗೆ ಆ ಅವಮಾನ ಬೀಳಬಾರದು. ಆದರೆ ಹೀಗೊಂದು ಕಾಲವಿತ್ತು ಎಂಬುದಕ್ಕೆ ಸಾಕ್ಷಿ ನಾಶವಾಗಬಾರದು. ಎರಡನ್ನೂ ಸಾಧಿಸಿದ್ದಾರೆ, ಮತ್ತು ಇದೇ ಸರಿಯಾದ ದಾರಿ.

ನಮ್ಮ ಕಡತಗಳಿಗೂ ಇದೇ ಕ್ರಮ ಸಾಕು. ‘ವಿ’ ಇಲ್ಲದೆ ಒಮ್ಮೆ ಗ್ರೆಪ್ ಓಡಿಸಿದರೆ ಹೋಗಲಿರುವ ಸಾಲುಗಳೆಲ್ಲ ಎದುರಿಗೆ ಬರುತ್ತವೆ, ಅವನ್ನು ಓದಿ. ಫಲಿತಾಂಶವನ್ನು ಬೇರೆ ಹೆಸರಿನ ಕಡತಕ್ಕೆ ಬರೆಯಿರಿ. ಅದೇ ಕಡತಕ್ಕೆ ತಿರುಗಿಸಿದರೆ ಗ್ರೆಪ್ ಓದಲು ಕೂರುವ ಮೊದಲೇ, ಆಜ್ಞೆಗಳನ್ನು ಓಡಿಸುವ ಶೆಲ್ ಅದನ್ನು ಬರಿದು ಮಾಡಿಬಿಡುತ್ತದೆ, ಇದು ಅನುಭವಿಗಳನ್ನೂ ಬಿಟ್ಟಿಲ್ಲ. ಸೆಡ್ ಬಳಸುವವರು ಹಳೆಯ ಪ್ರತಿಯೊಂದನ್ನು ಉಳಿಸಿಕೊಳ್ಳುವ ಆಯ್ಕೆಯನ್ನು ಮರೆಯಬಾರದು.

ಸರಟೋಗಾದಲ್ಲಿ, ಸುತ್ತಲ ಊರುಗಳಲ್ಲಿ ಹಳೆಯ ಮನೆ ಕೊಂಡಿರುವ ಕನ್ನಡ ಬಂಧುಗಳಲ್ಲಿ ಒಂದು ಕೋರಿಕೆ. ನಿಮ್ಮ ಕಾಗದಪತ್ರಗಳ ಕಂತೆಯನ್ನು ಈ ವಾರಾಂತ್ಯ ಹೊರತೆಗೆದು ಷರತ್ತುಗಳ ಪುಟ ಓದಿ. ಅಂಥ ಸಾಲು ಸಿಕ್ಕರೆ ತೆಗೆಸಲು ಸ್ಯಾನ್ ಹೋಸೆಯ ಕೌಂಟಿ ದಾಖಲೆ ಕಚೇರಿಗೆ ನೀವೇ ಅರ್ಜಿ ಕೊಡಬಹುದು. ಕೊಡುವ ಮುನ್ನ ಮನೆಯ ಮಕ್ಕಳಿಗೆ ಅದನ್ನೊಮ್ಮೆ ಓದಿಸಿ.