ಬಚ್ಚಿಟ್ಟ ಸೀರೆ, ಸಿಕ್ಕಿದ ಪ್ಯಾಂಟು

ನಮ್ಮದು ಬೆಂಗಳೂರಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಫ್ಲಾಟು. ಅದರೊಳಗೆ ನಾನು, ನನ್ನ ಹೆಂಡತಿ, ಎರಡನೇ ಕ್ಲಾಸಿನ ಮಗಳು, ಜೊತೆಗೆ ಅವ್ವ. ಇಂಥ ಮನೇಲಿ ಒಂದು ಸೀರೆ ಬಚ್ಚಿಡೋದು ಎಷ್ಟು ಕಷ್ಟ ಅಂತ ಬಚ್ಚಿಟ್ಟವರಿಗೇ ಗೊತ್ತು. ಅದರಲ್ಲೂ ಯುಗಾದಿಗೆ ಮುಂಚಿನ ಹದಿನೈದು ದಿನ ಅದು ಹೆಚ್ಚುಕಮ್ಮಿ ಅಸಾಧ್ಯ. ಹಬ್ಬ ಹತ್ತಿರ ಬಂತು ಅಂದ್ರೆ ಅವ್ವ ಸೆರಗು ಸಿಕ್ಕಿಸಿ ಮನೆ ಕ್ಲೀನಿಂಗಿಗೆ ನಿಲ್ತಾಳೆ. ಫ್ಯಾನಿನ ರೆಕ್ಕೆ, ಮಂಚದ ಕೆಳಗೆ, ವಾಷಿಂಗ್ ಮಷೀನಿನ ಹಿಂದೆ, ಯಾವುದನ್ನೂ ಬಿಡೋಳಲ್ಲ. ಹಬ್ಬಕ್ಕೆ ಉಡುಗೊರೆ ಬಚ್ಚಿಡಬೇಕು ಅನ್ನೋದು ಒಂದು ಪದ್ಧತಿ, ಹಬ್ಬಕ್ಕೆ ಮನೆಯ ಮೂಲೆಮೂಲೆ ಕೆದಕಬೇಕು ಅನ್ನೋದು ಇನ್ನೊಂದು ಪದ್ಧತಿ. ಎರಡನ್ನೂ ಒಂದೇ ವಾರದಲ್ಲಿ ಇಟ್ಟ ಪುಣ್ಯಾತ್ಮ ಯಾರೋ!

ನಾನು ತಂದಿದ್ದು ಮೈಸೂರು ಸಿಲ್ಕು. ಗಿಣಿಹಸಿರು ಬಣ್ಣ, ಸಣ್ಣ ಜರಿ ಅಂಚು. ಅವ್ವ ಇಲ್ಲಿವರೆಗೂ ಉಟ್ಟಿಲ್ಲದ ಸೀರೆ. ಹಳೇ ಲ್ಯಾಪ್‌ಟಾಪ್ ಬ್ಯಾಗಿನೊಳಗೆ ಅದನ್ನಿಟ್ಟು ಬ್ಯಾಗನ್ನ ಮೇಲಿನ ಲಾಫ್ಟಿಗೆ ಹಾಕಿದೆ. ಆಫೀಸಿನ ಸಾಮಾನು ಅಂದ್ರೆ ಅವ್ವ ಮುಟ್ಟಲ್ಲ ಅನ್ನೋದು ನನ್ನ ಲೆಕ್ಕ.

ಹಬ್ಬದ ಬೆಳಿಗ್ಗೆ ಎಣ್ಣೆ ಸ್ನಾನ ಆಗಿ, ಎಲ್ಲರೂ ಬೇವು ಬೆಲ್ಲ ತಿಂದಾದ ಮೇಲೆ ಕವರನ್ನ ಅವ್ವನ ಕೈಗಿಟ್ಟೆ. "ಅಯ್ಯೋ, ಇದ್ಯಾವಾಗ ತಂದ್ಯೋ?" ಅಂತ ಕಣ್ಣರಳಿಸಿದಳು. ಆಮೇಲೆ ಎಲ್ಲಾ ಅಮ್ಮಂದಿರೂ ಕೇಳೋ ಪ್ರಶ್ನೆ: "ಎಷ್ಟಾಯ್ತು?" ಎಲ್ಲಾ ಮಕ್ಕಳೂ ಹೇಳೋ ಉತ್ತರ ನಾನೂ ಹೇಳಿದೆ, ಅಂದ್ರೆ ನಿಜವಾದ ರೇಟಿನಲ್ಲಿ ಅರ್ಧಕ್ಕಿಂತ ಕಮ್ಮಿ. "ಪರವಾಗಿಲ್ಲ, ಅಗ್ಗಕ್ಕೆ ಸಿಕ್ಕಿದೆ" ಅಂತ ಅವ್ವ ಒಳಗೆ ಹೋದಳು. ಹತ್ತು ನಿಮಿಷದಲ್ಲಿ ಸೀರೆ ಉಟ್ಕೊಂಡು ಬಂದಳು. ಮೈಮೇಲೆ ಅದೇ ಗಿಣಿಹಸಿರಿನ ಬ್ಲೌಸು. ಹೊಚ್ಚ ಹೊಸದು, ಅಳತೆಗೆ ಸರಿಯಾಗಿ ಹೊಲಿದಿದ್ದು.

"ಬ್ಲೌಸು?" ಅಂದೆ.

"ಹಳೇದು ಇತ್ತು ಕಣೋ."

ನನ್ನ ಹೆಂಡತಿ ಅಡುಗೆಮನೆ ಕಡೆ ತಿರುಗಿಕೊಂಡು ನಿಂತಿದ್ದಳು. ನಗು ತಡೆಯೋಕಾಗದೆ ಅವಳ ಭುಜ ಅಲುಗ್ತಾ ಇತ್ತು.

ಆವತ್ತು ರಾತ್ರಿ ಮಲಗುವಾಗ ಮಗಳು ಎಲ್ಲಾ ಬಾಯಿಬಿಟ್ಟಳು. ಹತ್ತು ದಿನದ ಹಿಂದೇನೇ ಅಜ್ಜಿಗೆ ಸೀರೆ ಸಿಕ್ಕಿತ್ತಂತೆ. ಅದನ್ನ ಒಂದು ಬಟ್ಟೆ ಬ್ಯಾಗಿಗೆ ಹಾಕ್ಕೊಂಡು ಇಬ್ಬರೂ ಮ್ಯಾಚಿಂಗ್ ಸೆಂಟರಿಗೆ ಹೋಗಿ ಬಣ್ಣ ಹೊಂದಿಸಿ ಬಟ್ಟೆ ತಗೊಂಡು, ಟೈಲರ್ ಹತ್ರ ಕೊಟ್ಟು, ಸೀರೇನ ಮೊದಲಿದ್ದ ಹಾಗೇ ಮಡಚಿ ವಾಪಸ್ ಇಟ್ಟಿದ್ರಂತೆ. "ಬಿಲ್ಲೂ ಬ್ಯಾಗಲ್ಲೇ ಇತ್ತಪ್ಪ, ಅಜ್ಜಿ ನನ್ ಕೈಲಿ ನಂಬರ್ ಓದಿಸ್ತು." ಆಮೇಲೆ ಸ್ವಲ್ಪ ಯೋಚನೆ ಮಾಡಿ, "ಅಜ್ಜಿ ಸುಳ್ಳು ಹೇಳಿದ್ದಲ್ವಾ? ನೀನೂ ಹೇಳ್ದೆ" ಅಂದಳು.

"ಅದು ಸುಳ್ಳಲ್ಲ ಪುಟ್ಟಿ, ಆಟ."

"ಹಂಗಾದ್ರೆ ನಾನು ಮ್ಯಾತ್ಸ್ ಟೆಸ್ಟ್ ಪೇಪರ್ ಬಚ್ಚಿಟ್ರೆ ಅದೂ ಆಟನಾ?"

ಉತ್ತರ ತಕ್ಷಣ ಬರಲಿಲ್ಲ ನನಗೆ. ನಿಮಗೆ ಬರುತ್ತಾ?

ಜರ್ಮನಿಯ ಕಾಂಟ್ 1797ರಲ್ಲಿ ಸುಳ್ಳಿನ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದ. ಕೊಲೆಗಾರನೊಬ್ಬ ಬಾಗಿಲಿಗೆ ಬಂದು, ನಿನ್ನ ಸ್ನೇಹಿತ ಒಳಗಿದಾನಾ ಅಂತ ಕೇಳಿದರೂ ಸುಳ್ಳು ಹೇಳೋ ಹಕ್ಕು ನಿನಗಿಲ್ಲ ಅನ್ನೋದು ಅವನ ವಾದ. ಕೊಲೆಗಾರನಿಗೇ ಹೇಳಬಾರದು ಅಂದಮೇಲೆ ಸೀರೆ ರೇಟಿನ ವಿಷಯದಲ್ಲಿ ಅವನು ನನ್ನನ್ನ ಬಿಡ್ತಾನಾ? ನಮ್ಮ ಧರ್ಮರಾಯ ಇನ್ನೊಂದು ದಾರಿ ಹುಡುಕಿದ. ಅಶ್ವತ್ಥಾಮ ಸತ್ತ ಅಂತ ಜೋರಾಗಿ ಹೇಳಿ, ಸತ್ತಿದ್ದು ಆನೆ ಅನ್ನೋದನ್ನ ಮೆಲ್ಲಗೆ ಹೇಳಿದ. ಹಾಗೆ ನೋಡಿದ್ರೆ ಅವ್ವ ಅವನಿಗಿಂತ ಚುರುಕು. "ಇದ್ಯಾವಾಗ ತಂದ್ಯೋ" ಅನ್ನೋದು ಪ್ರಶ್ನೆ, ಪ್ರಶ್ನೆ ಸುಳ್ಳಾಗೋಕೆ ಸಾಧ್ಯ ಇಲ್ಲ. ಸಿಕ್ಕಿಬಿದ್ದಿದ್ದು ಬ್ಲೌಸಿನ ವಿಷಯದಲ್ಲಿ ಮಾತ್ರ.

ಆದ್ರೆ ಮಗಳಿಗೆ ನಾನು 'ಆಟ' ಅಂದಿದ್ದು ಪೂರ್ತಿ ತಪ್ಪೇನಲ್ಲ. ಡೇವಿಡ್ ಲೂಯಿಸ್ ಅನ್ನೋ ತತ್ವಶಾಸ್ತ್ರಜ್ಞ 1969ರಲ್ಲಿ ಒಂದು ಪುಸ್ತಕ ಬರೆದ. ಒಂದು ವಿಷಯ ನಮ್ಮಿಬ್ಬರಿಗೂ ಗೊತ್ತಿರೋದೇ ಬೇರೆ, ನಿನಗೆ ಗೊತ್ತು ಅಂತ ನನಗೂ, ನನಗೆ ಗೊತ್ತು ಅಂತ ನಿನಗೂ ಗೊತ್ತಿರೋದೇ ಬೇರೆ ಅನ್ನೋದರ ಬಗ್ಗೆ ಅದರಲ್ಲಿ ಕೂಲಂಕಷವಾಗಿ ಹೇಳ್ತಾನೆ. ಕಣ್ಣಾಮುಚ್ಚಾಲೆಯಲ್ಲಿ ಕಣ್ಣು ಮುಚ್ಚಿದವನಿಗೆ, ಉಳಿದವರು ಬಚ್ಚಿಟ್ಟುಕೊಳ್ತಾರೆ ಅಂತ ಗೊತ್ತು. ಅವನಿಗೆ ಗೊತ್ತು ಅಂತ ಅವರಿಗೂ ಗೊತ್ತು. ಅದಕ್ಕೇ ಅದು ಆಟ. ಹಬ್ಬಕ್ಕೆ ಮಗ ಏನೋ ತಂದಿಟ್ಟಿರ್ತಾನೆ ಅಂತ ಅವ್ವನಿಗೆ ಗೊತ್ತೇ ಇತ್ತು, ಎಲ್ಲಿ, ಏನು ಅನ್ನೋದಷ್ಟೇ ಗುಟ್ಟು. ಮೇಲಾಗಿ ಆ ಗುಟ್ಟಿಗೆ ಒಂದು ಗಡುವು ಇತ್ತು. ಯುಗಾದಿ ಬೆಳಿಗ್ಗೆ ಬಿಚ್ಚಲೇಬೇಕು. ಮರುದಿನ ಮಗಳಿಗೆ ಇದನ್ನೇ ಹೇಳಿದೆ: ಬಚ್ಚಿಟ್ಟಿದ್ದನ್ನ ಯಾವತ್ತು ತೋರಿಸ್ತೀಯ ಅಂತ ದಿನ ಗೊತ್ತಿದ್ರೆ ಅದು ಸರ್‌ಪ್ರೈಸು, ದಿನವೇ ಇಲ್ಲ ಅಂದ್ರೆ ಸುಳ್ಳು. ಅವಳು ಒಪ್ಪಿ, ಟೆಸ್ಟ್ ಪೇಪರ್ ತಂದು ಕೊಟ್ಟಳು. ಮಾರ್ಕ್ಸಿನ ವಿಷಯ ಇಲ್ಲಿ ಬೇಡ.

ಅವಳು ಒಪ್ಪಿದಳು ಸರಿ, ನನಗೇ ಅದು ಒಪ್ಪಿಗೆಯಾಗಲಿಲ್ಲ. ಯಾಕಂದ್ರೆ ಯಾವ ಗಡುವೂ ಇಲ್ಲದೆ ಬಚ್ಚಿಟ್ಟ ಒಂದು ಗುಟ್ಟು ನಂದೇ ಇತ್ತು, ಅದೂ ಯುಗಾದೀದೇ.

ನಮ್ಮೂರು ತಿಪಟೂರು ತಾಲ್ಲೂಕು. ಕೊಬ್ಬರಿ ಸೀಮೆ. ಅಲ್ಲಿ ಮನೆ ಅಂದ್ರೆ ಅಟ್ಟ ಇರಲೇಬೇಕು. ಬಲಿತ ತೆಂಗಿನಕಾಯಿಯನ್ನ ಸಿಪ್ಪೆ ಸಮೇತ ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಬಿಡ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತೆ. ಎತ್ತಿ ಕಿವಿ ಹತ್ರ ಅಲ್ಲಾಡಿಸಿದ್ರೆ ಗಡಗಡ ಸದ್ದು. ಆಗ ಕೊಬ್ಬರಿ ಆಯ್ತು ಅಂತ ಲೆಕ್ಕ. ಆಮೇಲೆ ಸುಲಿದು, ಗಿಟುಕು ಒಡೆಯದ ಹಾಗೆ ಚಿಪ್ಪು ಬಿಡಿಸಿ, ಚೀಲ ತುಂಬಿ ತಿಪಟೂರು ಮಾರ್ಕೆಟ್ಟಿಗೆ. ಹಬ್ಬದ ಬಟ್ಟೆ, ಸ್ಕೂಲ್ ಫೀಸು, ಅಂಗಡಿ ಸಾಲ, ಎಲ್ಲದಕ್ಕೂ ಆ ದುಡ್ಡೇ.

ನಾನು ಐದನೇ ಕ್ಲಾಸಿದ್ದೆ. ಮನೆಗೆ ಸುಣ್ಣ ಹೊಡೆದು ಆಗಿತ್ತು. ಅಪ್ಪ ತಿಪಟೂರಿಗೆ ಹೋಗಿ ಸಂಜೆ ಬಂದ. ಕೈಯಲ್ಲಿ ಏನೋ ಗಂಟಿತ್ತು, ನಾನು ಕೈಕಾಲು ತೊಳೆದು ಬರೋದ್ರೊಳಗೆ ಮಾಯ. "ಈ ಸಲ ಏನೂ ತಂದಿಲ್ಲ ಕಣಪ್ಪ, ಕೊಬ್ಬರಿ ರೇಟ್ ಬಿದ್ದೈತೆ" ಅಂದಳು ಅವ್ವ. ಪ್ರತಿ ವರ್ಷ ಇದೇ ಮಾತು, ಪ್ರತಿ ವರ್ಷ ಬಟ್ಟೆ ಇರ್ತಿತ್ತು. ಹಾಗಾಗಿ ನಾನು ನಂಬಲಿಲ್ಲ. ಮಾರನೇ ದಿನ ಅವ್ವ ನೀರಿಗೆ ಹೋದಾಗ ಏಣಿ ಹತ್ತಿದೆ. ಕಾಯಿ ರಾಶಿಯ ಹಿಂದೆ, ಗೋಡೆ ಮೂಲೇಲಿ ಒಂದು ಗೊಬ್ಬರದ ಚೀಲ. ಕೈ ಹಾಕಿದೆ. ತಂಗಿಗೆ ಲಂಗ ಬ್ಲೌಸು. ಅಪ್ಪನಿಗೆ ಒಂದು ಪಂಚೆ. ನನಗೆ ಅಂಗಿ, ಮತ್ತೆ ಪ್ಯಾಂಟು! ಅಲ್ಲಿವರೆಗೂ ಚಡ್ಡಿಯಲ್ಲೇ ಬೆಳೆದವನಿಗೆ ಮೊದಲನೇ ಪ್ಯಾಂಟು, ಕಾಫಿಪುಡಿ ಬಣ್ಣದ್ದು. ಸೊಂಟಕ್ಕೆ ಹಿಡಿದು ನೋಡಿದೆ. ಆಮೇಲೆ ಚೀಲದೊಳಗೆ ಇನ್ನೊಂದು ಸಲ ಕೈಯಾಡಿಸಿದೆ. ಮತ್ತೂ ಒಂದು ಸಲ.

ಸೀರೆ ಇರಲಿಲ್ಲ.

ರೇಟು ನಿಜವಾಗ್ಲೂ ಬಿದ್ದಿತ್ತು. ಅವ್ವನ ಮಾತಲ್ಲಿ ಅರ್ಧ ಸುಳ್ಳು, ಅರ್ಧ ನಿಜ. ಬಟ್ಟೆ ತಂದಿಲ್ಲ ಅನ್ನೋದನ್ನ ಹಬ್ಬದ ದಿನ ತಾನೇ ಬಿಚ್ಚಿ ತೋರಿಸೋಳಿದ್ದಳು. ತನಗೆ ತಂದಿಲ್ಲ ಅನ್ನೋದನ್ನ ಯಾವತ್ತೂ ಹೇಳೋಳಿರಲಿಲ್ಲ.

ಇಲ್ಲಿಂದ ಮುಂದೆ ಹೇಳೋಕೆ ನನಗೆ ನಾಚಿಕೆ. ಏಣಿ ಇಳೀತಾ ಹತ್ತು ವರ್ಷದ ನನ್ನ ತಲೇಲಿ ನಡೆದ ಲೆಕ್ಕ ಇವತ್ತಿಗೂ ಚೆನ್ನಾಗಿ ನೆನಪಿದೆ. ಅವ್ವ, ನಿಂಗೆಲ್ಲಿ ಸೀರೆ ಅಂತ ಕೇಳಿದ್ರೆ ಅಪ್ಪನಿಗೆ ಕೇಳಿಸುತ್ತೆ. ಅಪ್ಪನಿಗೆ ಬೇಜಾರಾಗುತ್ತೆ. ಬಟ್ಟೆ ಅಂಗಡಿಯೋರು ಗುರುತಿನವರು, ಬಿಚ್ಚದ ಬಟ್ಟೆ ವಾಪಸ್ ತಗೋತಾರೆ. ಹೋದ ವರ್ಷದ ಚಡ್ಡೀನೇ ಇನ್ನೂ ಚೆನ್ನಾಗಿದೆ. ಅಂದ್ರೆ ಪ್ಯಾಂಟು ವಾಪಸ್ ಹೋಗುತ್ತೆ. ಇಷ್ಟು ದೂರ ಯೋಚನೆ ಮಾಡಿ ಬಾಯಿ ಮುಚ್ಕೊಂಡೆ.

ಹಬ್ಬದ ದಿನ ಪ್ಯಾಂಟು ಕೈಗೆ ಬಂದಾಗ ಕೇರಿಗೆಲ್ಲ ಕೇಳಿಸೋ ಹಾಗೆ ಕೂಗಿ ಕುಣಿದೆ. ಏನೂ ನೋಡಿರದ ತಂಗಿ, ಆರು ವರ್ಷದವಳು, ತನ್ನ ಲಂಗ ಹಿಡ್ಕೊಂಡು "ಅವ್ವ, ನಿಂದು?" ಅಂದಳು. "ನಂದು ಗೌರಿ ಹಬ್ಬಕ್ಕೆ" ಅಂದಳು ಅವ್ವ. ನಾನು ಪ್ಯಾಂಟಿನ ಗುಂಡಿ ಹಾಕ್ಕೊಳ್ತಾ ಇದ್ದೆ. ತಲೆ ಎತ್ತಲಿಲ್ಲ.

ಈಗ ನನ್ನ ಗಡುವಿನ ಸಿದ್ಧಾಂತ ಹಚ್ಚಿ ನೋಡಿ. ಅವ್ವ ಬಚ್ಚಿಟ್ಟಿದ್ದಕ್ಕೂ ಗಡುವಿಲ್ಲ, ನಾನು ಬಚ್ಚಿಟ್ಟಿದ್ದಕ್ಕೂ ಗಡುವಿಲ್ಲ. ಹಾಗಾದ್ರೆ ಎರಡೂ ಒಂದೇನಾ? ಅದು ಬಯಲಾದ್ರೆ ನಷ್ಟ ಯಾರಿಗೆ ಅಂತ ಕೇಳಬೇಕು ಅನ್ಸುತ್ತೆ. ಅವ್ವನ ಗುಟ್ಟು ಬಯಲಾಗಿದ್ರೆ ನಮ್ಮ ಹಬ್ಬ ಕೆಡ್ತಿತ್ತು, ಅದಕ್ಕೆ ಮುಚ್ಚಿಟ್ಟಳು. ನನ್ನದು ಬಯಲಾಗಿದ್ರೆ ಹೋಗ್ತಿದ್ದಿದ್ದು ನನ್ನ ಪ್ಯಾಂಟು. ಹೊರಗಿನಿಂದ ನೋಡಿದವರಿಗೆ ಮಾತ್ರ ಎರಡೂ ಒಂದೇ ಥರದ ಮೌನ. ನಮ್ಮ ಕೆಲಸದಲ್ಲಿ ಇದು ದಿನಾ ನೋಡೋ ವಿಷಯ. ಎರಡು ಫಂಕ್ಷನ್ನು ಒಂದೇ ಔಟ್‌ಪುಟ್ ಕೊಡುತ್ತೆ, ಒಳಗಿನ ಕೋಡ್ ಪೂರ್ತಿ ಬೇರೆ. ಡೇವಿಡ್ ಪಾರ್ನಸ್ 1972ರಲ್ಲಿ, ಒಂದು ಮಾಡ್ಯೂಲಿನ ಒಳಗಿನ ತೀರ್ಮಾನಗಳು ಇನ್ನೊಂದಕ್ಕೆ ಕಾಣಬಾರದು, ಹಾಗಿದ್ರೇನೇ ಸಿಸ್ಟಮ್ ಚೆನ್ನಾಗಿರುತ್ತೆ ಅಂತ ಬರೆದ. ಬಿ.ಇ. ಓದುವಾಗ ಆ ಪಾಠ ಕೇಳಿ ತಲೆದೂಗಿದ್ದೆ. ಸಾಫ್ಟ್‌ವೇರಿಗೆ ಅದು ಸರಿಯಾದದ್ದೇ. ಮನೆಗೂ ಸರೀನಾ ಅಂತ ಆಗ ಕೇಳ್ಕೊಂಡಿರಲಿಲ್ಲ.

ಹಬ್ಬ ಕಳೆದ ಭಾನುವಾರ ಅವ್ವ ಊರಿಂದ ಬಂದ ಹುಣಸೆಹಣ್ಣು ಹರವಿಕೊಂಡು ಬೀಜ ಬಿಡಿಸ್ತಾ ಕೂತಿದ್ದಳು. ನಾನೂ ಪಕ್ಕ ಕೂತೆ. ಬ್ಲೌಸಿನ ವಿಷಯ ಎತ್ತಿ ಸ್ವಲ್ಪ ನಗಾಡಿದ್ವಿ. ಅದೇ ಜೋರಲ್ಲಿ, "ಅವ್ವ, ಆ ವರ್ಷ ಅಟ್ಟ ಹತ್ತಿ ನೋಡಿಬಿಟ್ಟಿದ್ದೆ ನಾನು" ಅಂದೆ.

"ಗೊತ್ತು."

"ಹೆಂಗೆ?"

"ತಲೆ ತುಂಬ ಜೇಡರ ಬಲೆ ಮೆತ್ಕೊಂಡಿತ್ತಲ್ಲೋ. ಕಾಯಿ ಬೇರೆ ನಾಲ್ಕು ಕೆಳಗೆ ಉರುಳಿದ್ವು." ಅವ್ವ ಬೀಜ ಬಿಡಿಸೋದು ನಿಲ್ಲಿಸಲಿಲ್ಲ. "ಸೀರೆ ಎಲ್ಲಿ ಅಂತ ಕೇಳ್ತೀಯ ಅಂತ ಹಬ್ಬದವರೆಗೂ ಕಾದೆ. ಏನ್ ಹೇಳ್ಬೇಕು ಅಂತ್ಲೂ ಯೋಚ್ನೆ ಮಾಡಿಟ್ಕೊಂಡಿದ್ದೆ. ನೀನು ಕೇಳ್ಲೇ ಇಲ್ಲ. ಹುಡುಗನಿಗೆ ತಿಳುವಳಿಕೆ ಬಂತು ಅನ್ಕೊಂಡು ನಿಮ್ಮಪ್ಪಂಗೂ ಹೇಳ್ದೆ."

ಅಪ್ಪ ತೀರಿಕೊಂಡು ಐದು ವರ್ಷ ಆಯ್ತು. ಇಷ್ಟು ವರ್ಷ ಇಬ್ಬರೂ ನನ್ನ ಬಗ್ಗೆ ಹಾಗೆ ಅಂದುಕೊಂಡಿದ್ರು. ಅಲ್ಲೇ ಸುಮ್ಮನಾಗಬಹುದಿತ್ತು. ಈಗಷ್ಟೇ ಹೇಳಿದೆನಲ್ಲ, ಬಯಲಾದ್ರೆ ನಷ್ಟ ಯಾರಿಗೆ ಅಂತ, ಅದನ್ನೇ ಕೇಳ್ಕೊಂಡೆ. ನಿಜ ಹೇಳಿದ್ರೆ ಅವ್ವ ಜೋಪಾನ ಮಾಡಿಟ್ಟುಕೊಂಡ ಒಂದು ನೆನಪು ಕೆಡುತ್ತೆ. ಹೇಳದಿದ್ರೆ ನನಗೆ ಒಳ್ಳೆ ಹೆಸರು ಉಳಿಯುತ್ತೆ. ಯಾವುದಕ್ಕೋಸ್ಕರ ಸುಮ್ಮನಿರ್ತೀನಿ ಅಂತ ನನಗೇ ಬಿಡಿಸಿ ಹೇಳೋಕಾಗಲಿಲ್ಲ. ಎರಡು ಹುಣಸೆ ಬೀಜ ತೆಗೆಯೋಷ್ಟು ಹೊತ್ತು ಕೂತಿದ್ದು, ಹೇಳಿಬಿಟ್ಟೆ.

"ತಿಳುವಳಿಕೆ ಅಲ್ಲವ್ವ. ಕೇಳಿದ್ರೆ ಪ್ಯಾಂಟು ವಾಪಸ್ ಕೊಟ್ಬಿಡ್ತೀರಿ ಅಂತ ಹೆದರಿದ್ದೆ."

ಅವ್ವನ ಕೈ ನಿಂತಿತು. ಮುಖದಲ್ಲಿ ಏನೋ ಸ್ವಲ್ಪ ಇಳಿದ ಹಾಗಾಯ್ತು, ಅಥವಾ ನನಗೆ ಹಾಗನ್ನಿಸಿತು. ನಗಲೂ ಇಲ್ಲ, ಬೈಯಲೂ ಇಲ್ಲ. ಒಂದು ನಿಮಿಷ ಬಿಟ್ಟು, "ಎರಡಿಂಚು ಉದ್ದ ಇತ್ತದು. ಬೆಳೀತಾನೆ ಅಂತ ಒಳಕ್ಕೆ ಮಡಚಿ ನಾನೇ ಹೊಲ್ದಿದ್ದೆ" ಅಂದಳು. ಮತ್ತೆ ಕೈ ಕೆಲಸ ಶುರುವಾಯ್ತು.

ನಾನು ಎದ್ದು ಹೊರಡುವಾಗ ಹಿಂದಿನಿಂದ ಕೂಗಿದಳು. "ಇನ್ನೊಂದ್ಸಲ ಏನಾದ್ರೂ ತಂದ್ರೆ ಬಿಲ್ಲು ಬೇರೆ ಕಡೆ ಇಡೋ. ಆ ರೇಟ್ ನೋಡಿ ನಂಗೆ ಎರಡು ದಿನ ನಿದ್ದೆ ಬರ್ಲಿಲ್ಲ."