ಸಂತೆಯೊಳಗಿನ ನಿದ್ದೆ

ನಮ್ಮ ಬೀದಿಯ ಕೊನೆಯ ಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಾರೆ. ಶಾಲೆಯ ನೋಟ್ ಪುಸ್ತಕದಿಂದ ಹರಿದ ಹಾಳೆ. ಅದರ ಮೇಲೆ ಮಕ್ಕಳ ಕೈಬರಹದಲ್ಲಿ 'ರಾತ್ರಿ ಡ್ಯೂಟಿ, ಬೆಲ್ ಒತ್ತಬೇಡಿ' ಎಂದು ಬರೆದಿದೆ. ನಮ್ಮ ಮನೆಯಲ್ಲಿ ಮದುವೆ ನಿಶ್ಚಯವಾಗಿತ್ತು. ಆಮಂತ್ರಣ ಪತ್ರಿಕೆಗಳ ಕಟ್ಟು ಹಿಡಿದು ಮನೆ ಮನೆಗೆ ಹೋಗುತ್ತಿದ್ದೆವು. ಬೆಳಗ್ಗೆ ಹನ್ನೊಂದು ಗಂಟೆಯ ಹೊತ್ತು. ಚೀಟಿಯನ್ನು ಓದಿದೆವು. ಓದಿದ ಮೇಲೂ ಬೆಲ್ ಒತ್ತಿದೆವು. ಕರೆಯಲು ಬಂದವರು ಬಾಗಿಲಿನಿಂದಲೇ ಮರಳಿದರೆ ಅವರೇನು ತಿಳಿದುಕೊಂಡಾರು, ಒಂದು ನಿಮಿಷದ ಕೆಲಸ ತಾನೇ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು.

ಬಾಗಿಲು ತೆರೆದವರು ಮನೆಯ ಯಜಮಾನರೇ. ಕಣ್ಣುಗಳು ಕೆಂಪಾಗಿದ್ದವು. ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಮಾಸಿರಲಿಲ್ಲ. ನಾವು ಸಂಕೋಚದಿಂದ ಏನೋ ಹೇಳಹೊರಟಾಗ ಅವರು, "ಪರವಾಗಿಲ್ಲ ಮಾರಾಯ್ರೆ, ಒಳಗೆ ಬನ್ನಿ" ಎಂದು ಕುರ್ಚಿ ಎಳೆದರು. ಅವರ ಪತ್ನಿ ಚಹಾ ತಂದರು. ನಾವು ಇಪ್ಪತ್ತು ನಿಮಿಷ ಕುಳಿತೆವು. ಹೊರಡುವಾಗ, ಡ್ಯೂಟಿ ಎಲ್ಲಿ ಎಂದು ಕೇಳಿದೆವು. ಅವರು ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ಚಾಲಕರು. ಬೆಳಗ್ಗೆ ಏಳಕ್ಕೆ ಬಂದು ತಲುಪಿ, ಮನೆ ಸೇರಿ ಮಲಗುವಾಗ ಎಂಟೂವರೆಯಾಗಿತ್ತಂತೆ. ಅಂದೇ ರಾತ್ರಿ ಒಂಬತ್ತೂವರೆಗೆ ಮತ್ತೆ ಹೊರಡಬೇಕಿತ್ತು.

ಮನೆಗೆ ಮರಳಿದ ಮೇಲೆ ನಾವು ಲೆಕ್ಕ ಹಾಕಿದೆವು. ಎಂಟೂವರೆಯಿಂದ ಹನ್ನೊಂದು. ಅಂದರೆ ಎರಡೂವರೆ ಗಂಟೆಯ ನಿದ್ದೆ. ಆ ಬಳಿಕ ಮತ್ತೆ ಕಣ್ಣು ಹತ್ತಿತೋ ಇಲ್ಲವೋ ನಮಗೆ ತಿಳಿಯದು. ನಡುರಾತ್ರಿಯ ಹೊತ್ತಿಗೆ ಶಿರಾಡಿ ಘಾಟಿಯ ತಿರುವುಗಳಲ್ಲಿ ಹತ್ತಾರು ಜೀವಗಳು ಆ ಮನುಷ್ಯನ ಎರಡು ಕಣ್ಣುಗಳನ್ನು ನಂಬಿ ಕಾಲು ಚಾಚಿ ಮಲಗಿರುತ್ತವೆ. ಆ ಕಣ್ಣುಗಳಿಗೆ ಸಲ್ಲಬೇಕಾಗಿದ್ದ ನಿದ್ದೆಯಲ್ಲಿ ಒಂದು ಪಾಲನ್ನು ನಾವು ಚಹಾ ಕುಡಿಯುತ್ತಾ ಕಿತ್ತುಕೊಂಡಿದ್ದೆವು. ಆ ನಿದ್ದೆ ಅವರೊಬ್ಬರದೇ ಆಗಿತ್ತೇ? ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

'ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆ ನಮ್ಮಲ್ಲಿದೆ. ಮನಸ್ಸು ನಿರಾಳವಾಗಿದ್ದರೆ ನಿದ್ದೆ ತಾನಾಗಿಯೇ ಬರುತ್ತದೆ ಎಂಬುದು ಅದರ ತಾತ್ಪರ್ಯ. ಆದರೆ ರಾತ್ರಿ ಪಾಳಿಯವರು ದಿನವೂ ಮಲಗುವುದು ಸಂತೆಯಲ್ಲೇ. ಕುಕ್ಕರಿನ ಸೀಟಿ, ಮೀನಿನವರ ಹಾರ್ನು, ಎದುರು ಮನೆಯವರ ಟಿ.ವಿ., ಪಕ್ಕದ ಕಟ್ಟಡದ ಡ್ರಿಲ್ಲಿಂಗ್ ಯಂತ್ರ, ಸಭಾಭವನದ ಮೈಕು, ಇವುಗಳ ನಡುವೆಯೇ ಅವರಿಗೆ ರಾತ್ರಿಯಾಗಬೇಕು. ಚಿಂತೆಯಿಲ್ಲದ ಮನಸ್ಸೊಂದಿದ್ದರೆ ಸಾಲದು ಎಂದು ಅವರ ದೇಹವೇ ಸಾಕ್ಷಿ ನುಡಿಯುತ್ತದೆ.

ದೇಹದ ಈ ಸಾಕ್ಷ್ಯವನ್ನು ವಿಜ್ಞಾನ ಈಗ ಚೆನ್ನಾಗಿ ಓದಬಲ್ಲದು. ನಮ್ಮ ಮಿದುಳಿನಲ್ಲಿ ಸುಮಾರು 20 ಸಾವಿರ ನರಕೋಶಗಳ ಒಂದು ಪುಟ್ಟ ಗೊಂಚಲಿದೆ. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಅದು ದೇಹದ ಗಡಿಯಾರವನ್ನು ದಿನವೂ ಸರಿಪಡಿಸುತ್ತದೆ. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಲು ಸೂಚನೆ ಕೊಡುತ್ತದೆ. ಬೆಳಗಿನ ಜಾವದಲ್ಲಿ ಮೈಯ ಉಷ್ಣತೆ ತೀರಾ ಕೆಳಗಿಳಿಯುತ್ತದೆ, ಹೊತ್ತೇರಿದಂತೆ ಮತ್ತೆ ಏರುತ್ತದೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣಿನ ನೊಣಗಳಲ್ಲಿ ಪತ್ತೆ ಹಚ್ಚಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ರಾತ್ರಿ ದುಡಿಯುವವನ ಸಂಕಟದ ಮೂಲ ಇಲ್ಲಿದೆ. ಬೆಳಗ್ಗೆ ಕೆಲಸ ಮುಗಿಸಿ ಅವನು ಬಸ್ ನಿಲ್ದಾಣಕ್ಕೋ ಬೈಕಿನತ್ತಲೋ ಹೊರಟ ಕೂಡಲೇ ಮುಖದ ಮೇಲೆ ಬೀಳುವ ಬಿಸಿಲು ಆ ಗಡಿಯಾರಕ್ಕೆ 'ಬೆಳಗಾಯಿತು, ಏಳು' ಎನ್ನುತ್ತದೆ. ಅವನು ಮಲಗುತ್ತಾನೆ, ಗಡಿಯಾರ ಎದ್ದಿರುತ್ತದೆ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದ ಹೆಚ್ಚಿನವರಲ್ಲೂ ಈ ಗಡಿಯಾರ ಪೂರ್ತಿಯಾಗಿ ಹೊಂದಿಕೊಳ್ಳುವುದಿಲ್ಲ. 'ಅಭ್ಯಾಸವಾಗಿ ಹೋಗುತ್ತದೆ' ಎಂದು ನಾವು ಹೇಳುವ ಸಮಾಧಾನದಲ್ಲಿ ಸತ್ಯಾಂಶ ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ದೇಹದ ಲಯ ಕೆಡಿಸುವ ಪಾಳಿ ಕೆಲಸವನ್ನು 2007ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೆ ಸೇರಿಸಿತು. 2019ರಲ್ಲಿ ರಾತ್ರಿ ಪಾಳಿಯನ್ನು ಮತ್ತೆ ಪರಿಶೀಲಿಸಿ ಅದೇ ವರ್ಗದಲ್ಲಿ ಉಳಿಸಿತು. ರಾತ್ರಿ ದುಡಿದವರಿಗೆಲ್ಲ ರೋಗ ಬರುತ್ತದೆ ಎಂದು ಇದರ ಅರ್ಥವಲ್ಲ. ತಿಂಗಳ ಕೊನೆಯಲ್ಲಿ ಸಿಗುವ ರಾತ್ರಿ ಭತ್ಯೆಗೆ ಪ್ರತಿಯಾಗಿ ಅವರು ಕೊಡುತ್ತಿರುವುದು ಎಂಟು ಗಂಟೆಯ ದುಡಿಮೆಗಿಂತ ಹೆಚ್ಚಿನದು ಎಂದಷ್ಟೇ ಅರ್ಥ.

ಇನ್ನೊಂದು ಸಂಗತಿ ನಮ್ಮ ಲೆಕ್ಕಕ್ಕೆ ನೇರವಾಗಿ ತಾಗುವಂಥದ್ದು. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನವು 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವರ ಮಟ್ಟಕ್ಕೆ ಕುಸಿಯುತ್ತದೆಂದು 1997ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನವೊಂದು ತೋರಿಸಿತು. ನಮ್ಮ ದೇಶದಲ್ಲಿ ವಾಹನ ಚಲಾಯಿಸುವವರಿಗೆ ಕಾನೂನು ಹಾಕಿದ ಮಿತಿ 30 ಮಿಲಿಗ್ರಾಂ. ಬೆಳಗ್ಗೆ ಹನ್ನೊಂದಕ್ಕೆ ನಾವು ಎಬ್ಬಿಸಿದ ಚಾಲಕರು ಮತ್ತೆ ಮಲಗದೇ ಇದ್ದಿದ್ದರೆ, ಬಸ್ಸು ಬೆಂಗಳೂರನ್ನು ಸಮೀಪಿಸುವ ಬೆಳಗಿನ ನಾಲ್ಕು ಗಂಟೆಗೆ ಸರಿಯಾಗಿ ಆ 17 ಗಂಟೆ ತುಂಬುತ್ತಿತ್ತು. ಚಾಲಕನಿಗೆ ಮದ್ಯ ಕುಡಿಸಿದವನನ್ನು ನಾವು ಪಾಪಿಯೆಂದು ಕರೆಯುತ್ತೇವೆ. ಅವನ ನಿದ್ದೆ ಕೆಡಿಸಿದವನನ್ನು ಮದುವೆಗೆ ಕರೆಯಲು ಬಂದ ನೆಂಟನೆಂದು ಕರೆಯುತ್ತೇವೆ.

ಬೆಳಗಿನ ಜಾವದ ಅಪಘಾತಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿರುತ್ತೇವೆ. 'ಚಾಲಕ ನಿದ್ದೆಯ ಮಂಪರಿನಲ್ಲಿದ್ದ ಎನ್ನಲಾಗಿದೆ' ಎಂಬ ಸಾಲು ಕೊನೆಯಲ್ಲಿರುತ್ತದೆ. ಅಲ್ಲಿಗೆ ವಿಚಾರಣೆ ಮುಗಿಯಿತು. ನಿರ್ಲಕ್ಷ್ಯದ ಚಾಲನೆಯೆಂದು ಮೊಕದ್ದಮೆ ದಾಖಲಾಗುತ್ತದೆ. ಆ ಮಂಪರು ಎಲ್ಲಿಂದ ಬಂತು ಎಂದು ಯಾರೂ ಹಿಂದಕ್ಕೆ ಹೋಗುವುದಿಲ್ಲ. ಹಿಂದಕ್ಕೆ ಹೋದರೆ ಅಲ್ಲಿ ಅನೇಕರು ಸಿಗುತ್ತಾರೆ. ಬದಲಿ ಚಾಲಕನಿಲ್ಲವೆಂದು ಒಂದರ ಮೇಲೊಂದು ಟ್ರಿಪ್ ಹಾಕಿದ ಮಾಲಕ. ಇಪ್ಪತ್ತು ನಿಮಿಷ ತಡವಾದದ್ದಕ್ಕೆ ಮೊಬೈಲಿನಲ್ಲಿ ದೂರು ಬರೆದ ಪ್ರಯಾಣಿಕ. ಹಗಲು ಮಲಗುವ ಗಂಡಸನ್ನು ಸೋಮಾರಿಯೆಂದು ಆಡಿಕೊಂಡ ನೆರೆಹೊರೆ. ಚೀಟಿ ಓದಿಯೂ ಬೆಲ್ ಒತ್ತಿದ ನಾವು. ಕಾನೂನಿನ ಮುಂದೆ ತಪ್ಪಿತಸ್ಥ ಒಬ್ಬನೇ ಇರಬಹುದು. ನೈತಿಕತೆಯ ಮುಂದೆ ಆ ತಪ್ಪು ಹಲವರಲ್ಲಿ ಹಂಚಿಹೋಗಿದೆ. ಒಬ್ಬೊಬ್ಬರ ಪಾಲೂ ಎಷ್ಟು ಸಣ್ಣದೆಂದರೆ ಯಾರಿಗೂ ಅದು ತಪ್ಪೆಂದೇ ಅನಿಸುವುದಿಲ್ಲ. ಇಂಥ ತಪ್ಪುಗಳು ಎಂದೂ ತಿದ್ದುಪಡಿಯಾಗದೆ ಉಳಿಯುವುದು ಇದೇ ಕಾರಣದಿಂದ.

'ಅವರೇ ಆರಿಸಿಕೊಂಡ ಕೆಲಸವಲ್ಲವೇ? ಅದಕ್ಕೆ ಹೆಚ್ಚುವರಿ ಹಣವೂ ಸಿಗುತ್ತದಲ್ಲ?' ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ರಾತ್ರಿ ಪಾಳಿಯಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ, ಮಕ್ಕಳು ಓದುತ್ತಿದ್ದಾರೆ. ಆದರೆ ಬಾಡಿಗೆ, ಶುಲ್ಕ, ಸಾಲದ ಕಂತು ಇವೆಲ್ಲ ಮುಂದೆ ನಿಂತು ಮಾಡಿಸಿದ ಆಯ್ಕೆಯನ್ನು ಎಷ್ಟರಮಟ್ಟಿಗೆ ಆಯ್ಕೆಯೆನ್ನಬಹುದು? ಇನ್ನು ಹಣದ ಮಾತು. ದುಡಿಮೆಯನ್ನು ಮಾರಬಹುದು, ಕೊಳ್ಳಬಹುದು. ನಿದ್ದೆಯನ್ನು ಮಾರಿದವನಿಗೆ ಆ ಹಣದಿಂದ ಅದನ್ನು ಮರಳಿ ಕೊಳ್ಳುವ ಅಂಗಡಿ ಎಲ್ಲೂ ಇಲ್ಲ. ಅದನ್ನು ಅವನಿಗೆ ಮರಳಿ ಕೊಡಬಲ್ಲವರು ಸುತ್ತಲಿನ ಜನ ಮಾತ್ರ. ಹಗಲಿನಲ್ಲಿ ಸ್ವಲ್ಪ ಕತ್ತಲು, ಸ್ವಲ್ಪ ಮೌನ, ಇಷ್ಟೇ ಅವರು ಕೊಡಬೇಕಾದದ್ದು.

ಎಚ್ಚರವಾಗಿರುವುದನ್ನು ನಮ್ಮ ಪರಂಪರೆಗಳು ಬಹಳ ಗೌರವಿಸಿವೆ. ಶಿವರಾತ್ರಿಯ ಜಾಗರಣೆಯಿದೆ, ರಮಝಾನಿನ ರಾತ್ರಿಗಳಿವೆ. ಆದರೆ ಅದು ಮನುಷ್ಯ ತಾನಾಗಿ ಬಯಸಿ, ಕೆಲವೇ ರಾತ್ರಿಗಳ ಮಟ್ಟಿಗೆ ಕೈಗೊಳ್ಳುವ ಎಚ್ಚರ. ಊರಿಗೆ ಊರೇ ಅವನ ಜೊತೆ ಎದ್ದಿರುತ್ತದೆ. ಅಲ್ಲಿಯೂ ದೇಹದ ಪಾಲನ್ನು ಕಸಿಯಬಾರದೆಂಬ ಎಚ್ಚರಿಕೆಯಿದೆ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಮನೆಯವರನ್ನೂ ಮರೆತಿದ್ದ ಅಬುದ್ದರ್ದಾರ ಮನೆಗೆ ಗೆಳೆಯ ಸಲ್ಮಾನ್ ಫಾರಿಸಿ ಬಂದ ಪ್ರಸಂಗ ಅನೇಕರಿಗೆ ಗೊತ್ತಿದೆ. ರಾತ್ರಿ ಎದ್ದು ನಿಲ್ಲಹೊರಟ ಗೆಳೆಯನನ್ನು ಸಲ್ಮಾನ್ ಮತ್ತೆ ಮತ್ತೆ ಮಲಗಿಸಿದರು. ರಾತ್ರಿಯ ಕೊನೆಯ ಭಾಗದಲ್ಲಷ್ಟೇ ಎಬ್ಬಿಸಿದರು. ದೇವನಿಗೆ ಸಲ್ಲಬೇಕಾದ ಹಕ್ಕಿರುವಂತೆ ನಿನ್ನ ದೇಹಕ್ಕೂ ಮನೆಯವರಿಗೂ ಸಲ್ಲಬೇಕಾದ ಹಕ್ಕಿದೆ ಎಂದು ತಿಳಿಹೇಳಿದರು. ಪ್ರವಾದಿಯವರು ಆ ಮಾತನ್ನು ಒಪ್ಪಿದರು. ಅತಿಯಾಗಿ ಮಲಗುವವನಿಗೂ ಅತಿಯಾಗಿ ಎಚ್ಚರವಿರುವವನಿಗೂ ಯೋಗ ಸಿದ್ಧಿಸದೆಂದು ಭಗವದ್ಗೀತೆಯ ಆರನೆಯ ಅಧ್ಯಾಯ ಹೇಳುತ್ತದೆ. ಆರಾಧನೆಗೇ ಕಸಿಯಲು ಅನುಮತಿಯಿಲ್ಲದ ಹಕ್ಕನ್ನು ವ್ಯಾಪಾರಕ್ಕಾಗಿ ಕಸಿಯಬಹುದೇ?

ಹಾಗೆಂದು ರಾತ್ರಿಯ ಕೆಲಸವನ್ನೆಲ್ಲ ನಿಲ್ಲಿಸಲಾಗದು. ಹೆರಿಗೆ ನೋವು ಗಡಿಯಾರ ನೋಡಿ ಬರುವುದಿಲ್ಲ. ಆಸ್ಪತ್ರೆ, ಅಗ್ನಿಶಾಮಕ ಠಾಣೆ, ರೈಲ್ವೆ, ವಿದ್ಯುತ್ ಕೇಂದ್ರಗಳಲ್ಲಿ ಯಾರಾದರೂ ಎದ್ದಿರಲೇಬೇಕು. ಆದರೆ ಎಲ್ಲ ರಾತ್ರಿ ಕೆಲಸವೂ ಈ ಬಗೆಯದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಅಂದರೆ ನಮ್ಮ ನಾಡಿನಲ್ಲಿ ಆ ಬೆಳಕು ಬೀದಿಗೆ ಬರುವ ಮೊದಲೇ ದುಡಿಮೆಗೆ ಬಂದಿತ್ತು. ನೂರು ವರ್ಷ ಕಳೆಯುವಷ್ಟರಲ್ಲಿ ಅದೇ ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ಸಾವಿರಾರು ಯುವಕ ಯುವತಿಯರು ಅಮೆರಿಕದ ಹಗಲನ್ನು ತಮ್ಮ ರಾತ್ರಿಯಲ್ಲಿ ಬದುಕತೊಡಗಿದರು. ನ್ಯೂಯಾರ್ಕಿನ ಕಚೇರಿ ಬೆಳಗ್ಗೆ ಒಂಬತ್ತಕ್ಕೆ ತೆರೆದಾಗ ಚಳಿಗಾಲದಲ್ಲಿ ನಮ್ಮಲ್ಲಿ ಸಂಜೆ ಏಳೂವರೆ. ಅದು ಐದಕ್ಕೆ ಮುಚ್ಚುವಾಗ ಇಲ್ಲಿ ನಸುಕಿನ ಮೂರೂವರೆ. ಈಗ ನಮ್ಮ ನಗರಗಳಲ್ಲೇ ನಡುರಾತ್ರಿ ಬಿರಿಯಾನಿ ತರಿಸಿಕೊಳ್ಳುವ ಅಭ್ಯಾಸ ಬಂದಿದೆ. ಒಬ್ಬರ ಅನಿವಾರ್ಯಕ್ಕೆ ಎದ್ದಿರುವ ನರ್ಸ್‌ಗೂ ಇನ್ನೊಬ್ಬರ ನಾಲಗೆಯ ಚಪಲಕ್ಕೆ ಎದ್ದಿರುವ ಹುಡುಗನಿಗೂ ದೇಹ ತೆರುವ ಬೆಲೆ ಒಂದೇ. ಕರೆಸಿಕೊಳ್ಳುವವರು ಮಾತ್ರ ಈ ವ್ಯತ್ಯಾಸವನ್ನು ಒಂದು ಕ್ಷಣ ಯೋಚಿಸಬೇಕು.

ಕಾನೂನು ಇಲ್ಲಿ ಎಷ್ಟು ದೂರ ಬರುತ್ತದೆ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಚಾಲಕರ ದುಡಿಮೆಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಗೆರೆ ಎಳೆದಿತ್ತು. ಅದು ದುಡಿದ ಗಂಟೆಗಳನ್ನು ಎಣಿಸಿತು. ಮಲಗಿದ ಗಂಟೆಗಳನ್ನು ಎಣಿಸಲು ಯಾವ ಕಾನೂನಿಗೆ ಸಾಧ್ಯ? 2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಗಳಿಗೆ ಕಡಿವಾಣ ಹಾಕಿದವು. ಒಳ್ಳೆಯದೇ. ಆದರೆ ಅವು ಕಾಯುವುದು ನಮ್ಮಂಥ ಹಗಲು ದುಡಿಯುವವರ ನಿದ್ದೆಯನ್ನು. ನಮ್ಮ ನಿದ್ದೆಗೆ ಕಾವಲಿದ್ದವರು ಬೆಳಗ್ಗೆ ಎಂಟಕ್ಕೆ ಮಲಗಿದಾಗ ಅವರ ಪರವಾಗಿ ಮೈಕಿನವರ ಬಳಿ ಮಾತಾಡುವ ನಿಯಮ ಇಲ್ಲವೆಂದೇ ಹೇಳಬೇಕು. ಕಾನೂನು ನಿಲ್ಲುವ ಆ ಜಾಗದಿಂದ ಮುಂದೆ ಉಳಿದಿರುವುದು ನೆರೆಹೊರೆಯ ಧರ್ಮವೊಂದೇ.

ರಾತ್ರಿ ಪಾಳಿಯವರು ತಾವೇ ಮಾಡಿಕೊಳ್ಳಬಹುದಾದದ್ದು ಕೆಲವಿದೆ. ಮರಳುವಾಗ ಬೈಕು, ಕಾರು ಓಡಿಸದೆ ಬಸ್ಸಿನಲ್ಲಿ ಬರುವವರಾದರೆ ಕಪ್ಪು ಕನ್ನಡಕ ಹಾಕಿಕೊಳ್ಳುವುದು, ಮಲಗುವ ಕೋಣೆಗೆ ದಪ್ಪನೆಯ ಪರದೆ ಬಿಡುವುದು, ಕೆಲಸಕ್ಕೆ ಹೊರಡುವ ಮೊದಲು ಅರ್ಧ ಗಂಟೆ ಕಣ್ಣು ಮುಚ್ಚುವುದು, ಚಹಾ ಕಾಫಿಯನ್ನು ಪಾಳಿಯ ಮೊದಲರ್ಧಕ್ಕೇ ಮುಗಿಸುವುದು, ತೂಕಡಿಕೆ ಬಂದರೆ ಬೈಕು ಹತ್ತದಿರುವುದು. ಮಾಲಕರು ಮಾಡಬೇಕಾದದ್ದು ಇನ್ನೂ ಹೆಚ್ಚಿದೆ. ಪಾಳಿಯ ಪಟ್ಟಿಯನ್ನು ಮುಂಚಿತವಾಗಿ ತಿಳಿಸುವುದು, ಪಾಳಿಗಳನ್ನು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಸರಿಸುವುದು, ದೂರದ ದಾರಿಗೆ ಇಬ್ಬರು ಚಾಲಕರನ್ನು ಕಳಿಸುವುದು. ಆದರೆ ಇವೆಲ್ಲವೂ ಇದ್ದು ಬೀದಿಯೊಂದು ಸಹಕರಿಸದಿದ್ದರೆ ಆ ಪರದೆಯ ಹಿಂದೆ ನಿದ್ದೆಯಿರುವುದಿಲ್ಲ.

ಮನೆಯೊಳಗಿನ ಹೊರೆಯನ್ನೂ ಮರೆಯಬಾರದು. ಎರಡು ಕೋಣೆಯ ಆ ಮನೆಯಲ್ಲಿ ಮಕ್ಕಳು ಪಿಸುಮಾತಿನಲ್ಲಿ ಆಡಲು ಕಲಿತಿದ್ದಾರೆ. ಅವರು ಅಪ್ಪನನ್ನು ಹೆಚ್ಚಾಗಿ ಕಂಡಿರುವುದು ಗೋಡೆಯ ಕಡೆಗೆ ತಿರುಗಿ ಮಲಗಿದ ಬೆನ್ನಾಗಿ. ತಾಯಿ ಹಗಲಿಡೀ ಸದ್ದಿಗೆ ಕಾವಲು ಕೂರುತ್ತಾರೆ. ರಾತ್ರಿ ಬಸ್ಸು ತಲುಪಿದ ಫೋನು ಬರುವವರೆಗೆ ಅವರಿಗೂ ಅರೆನಿದ್ದೆಯೇ. ರಾತ್ರಿ ಪಾಳಿಯವರು ಹೆಣ್ಣುಮಕ್ಕಳಾದರೆ ಮಾತೇ ಬೇರೆ. ಬೆಳಗ್ಗೆ ಆಸ್ಪತ್ರೆಯಿಂದ ಬಂದ ನರ್ಸ್ ತಿಂಡಿ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬಟ್ಟೆ ಒಗೆದು ಮಲಗಬೇಕೆಂದು ಎಷ್ಟು ಮನೆಗಳು ನಿರೀಕ್ಷಿಸುತ್ತಿಲ್ಲ? ಗಂಡಸಿನ ಹಗಲು ನಿದ್ದೆಗೆ ಬಾಗಿಲಲ್ಲಿ ಚೀಟಿಯಾದರೂ ಅಂಟುತ್ತದೆ. ಹೆಂಗಸಿನ ಹಗಲು ನಿದ್ದೆಗೆ ಅದನ್ನು ಬರೆಯುವವರೂ ಇಲ್ಲ.

ಅಮಾನತ್ತು ಎಂಬ ಪದವೊಂದಿದೆ. ಒಬ್ಬರು ನಂಬಿ ಇನ್ನೊಬ್ಬರ ಕೈಗೆ ಒಪ್ಪಿಸಿದ ವಸ್ತು. ರಾತ್ರಿ ಬಸ್ಸಿನಲ್ಲಿ ಮಲಗುವಾಗ ನಾವು ನಮ್ಮ ಜೀವವನ್ನು ಚಾಲಕನಿಗೆ ಅಮಾನತ್ತಾಗಿ ಒಪ್ಪಿಸುತ್ತೇವೆ. ಅವನು ಹಗಲು ಮಲಗುವಾಗ ತನ್ನ ನಿದ್ದೆಯನ್ನು ಊರಿಗೆ ಒಪ್ಪಿಸಿರುತ್ತಾನೆ. ಮೊದಲನೆಯದರಲ್ಲಿ ಅವನು ಒಂದು ಕ್ಷಣ ತಪ್ಪಿದರೂ ನಾವು ಕ್ಷಮಿಸುವುದಿಲ್ಲ. ಎರಡನೆಯದರಲ್ಲಿ ನಾವು ದಿನವೂ ತಪ್ಪುತ್ತಿದ್ದೇವೆ.

ಆ ದಿನ ಆ ಬಸ್ಸು ಸುರಕ್ಷಿತವಾಗಿ ಬೆಂಗಳೂರು ತಲುಪಿತು. ಅವರು ಮದುವೆಗೂ ಬಂದರು. ಸಂಜೆ ಎಲ್ಲರಿಗಿಂತ ಮೊದಲು ಊಟ ಮಾಡಿ ಡ್ಯೂಟಿಗೆ ಹೊರಟರು. ನಮ್ಮ ತಪ್ಪಿನಿಂದ ಏನೂ ಆಗಲಿಲ್ಲ ಎಂಬುದು ನಮ್ಮ ಅದೃಷ್ಟ. ಅದರಿಂದ ತಪ್ಪೇನೂ ಚಿಕ್ಕದಾಗಲಿಲ್ಲ. ಕಳೆದ ತಿಂಗಳು ಮಸೀದಿಯ ಕಾರ್ಯಕ್ರಮದ ಕರಪತ್ರ ಹಿಡಿದು ಮತ್ತೆ ಆ ಬಾಗಿಲಿಗೆ ಹೋದೆವು. ಚೀಟಿ ಮಳೆಗೆ ಮಸುಕಾಗಿತ್ತು, ಆದರೆ ಓದಲು ಬರುತ್ತಿತ್ತು. ಕರಪತ್ರವನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಮರಳಿದೆವು. ಕಾರ್ಯಕ್ರಮ ಭಾನುವಾರ ಬೆಳಗ್ಗೆ ಹತ್ತಕ್ಕೆಂದು ನಿಗದಿಯಾಗಿತ್ತು. ಹೊರಗಿನ ಧ್ವನಿವರ್ಧಕ ಬೇಡವೆಂದು ಸಮಿತಿಯಲ್ಲಿ ಹೇಳಿದಾಗ ಒಬ್ಬರು, "ಹಗಲು ಹೊತ್ತಿನಲ್ಲಿ ಯಾರಿಗೆ ತೊಂದರೆ?" ಎಂದು ಕೇಳಿದರು. ನಿಮ್ಮ ಬೀದಿಯಲ್ಲಿಯೂ ಯಾರಾದರೂ ಹೀಗೆ ಕೇಳಬಹುದು. ಉತ್ತರ ಕೊಡುವ ಮೊದಲು ಬೀದಿಯ ಬಾಗಿಲುಗಳನ್ನು ಒಮ್ಮೆ ನೋಡಿಕೊಂಡು ಬನ್ನಿ. ಚೀಟಿ ಅಂಟಿಸದವರೂ ಅಲ್ಲಿ ಇರುತ್ತಾರೆ.