ಸದ್ದು ಇಂಗುವ ಹೊತ್ತು

ಇನ್ನೂ ಬೆಳಕು ಹರಿದಿಲ್ಲ. ಅಟ್ಟ ಹತ್ತಿ, ರಾಶಿಯಿಂದ ಒಂದು ಕಾಯಿ ತೆಗೆದು ಕಿವಿಯ ಬಳಿ ಅಲುಗಿಸಿದೆ. ಅಟ್ಟಕ್ಕೆ ಹಾಕಿ ಏಳು ತಿಂಗಳು. ಮೊದಮೊದಲು ನೀರು ಗುಳುಗುಳು ಅನ್ನುತ್ತಿತ್ತು. ಈಗ ನೀರು ಇಂಗಿದೆ, ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿಲ್ಲ. ಸದ್ದೇ ಇಲ್ಲ. ಇನ್ನು ಮೂರ್ನಾಲ್ಕು ತಿಂಗಳಿಗೆ ಒಳಗೆ ಗಡಗಡ ಅಂದಮೇಲೆ ಒಡೆದು ತಿಪಟೂರು ಮಾರ್ಕೆಟ್ಟಿಗೆ.

ನಿನ್ನೆ ರಾತ್ರಿ ಅಕ್ಕನ ಮಗ ಬೆಂಗಳೂರಿನಿಂದ ಬಂದ. ಅವನಿಗೆ ಬ್ಲ್ಯಾಕ್ ಮೆಟಲ್ ಸಂಗೀತದ ಹುಚ್ಚು. ‘ಪೂರ್ತಿ ಕೇಳು ಮಾವ, ನಡುವೆ ತೆಗೀಬೇಡ’ ಅಂತ ಇಯರ್‌ಫೋನ್ ಕಿವಿಗೆ ಸಿಕ್ಕಿಸಿದ. ಗಿಟಾರಿನ ಕರಕರ, ಉಸಿರು ಬಿಡದ ಡ್ರಮ್ಮು, ಗಂಟಲು ಹರಿಯುವ ಚೀರಾಟ. ಹೋದ ಬೇಸಗೆಯಲ್ಲಿ ತೋಟಕ್ಕೆ ಬೋರ್ ಲಾರಿ ಬಂದದ್ದು ನೆನಪಾಯಿತು. ಮೊದಲ ಗಂಟೆ ತಲೆ ಸಿಡಿಯುವ ಹಾಗಿತ್ತು. ಆಮೇಲೆ ಅದೇ ಆರ್ಭಟ ಒಂದೇ ಎಳೆಯ ಗುಂಯ್‌ಕಾರವಾಗಿ, ಗರಿಯ ಚಾಪೆ ಮೇಲೆ ನಿದ್ದೆ ಹೋಗಿದ್ದೆ. ಎಚ್ಚರವಾದದ್ದು ಲಾರಿ ನಿಂತಾಗ!

ಈ ಹಾಡುಗಾರರಲ್ಲಿ ಹಲವರು ಕೊನೆಗೆ ಡ್ರಮ್ಮು, ಚೀರಾಟ ಎರಡನ್ನೂ ಬಿಟ್ಟು ಆ್ಯಂಬಿಯೆಂಟ್ ಕಡೆ ಹೊರಳುತ್ತಾರಂತೆ. ತಂಬೂರಿ ಮೀಟಿ ಸುಮ್ಮನೆ ಕೂತಂಥ ಸಂಗೀತ. ನಾರ್ವೆಯ ಬುರ್ಜುಮ್ ಬ್ಯಾಂಡಿನ ವಾರ್ಗ್ ವಿಕೆರ್ನೆಸ್‌ಗೆ ಕೊಲೆ, ಚರ್ಚ್ ಸುಟ್ಟ ಅಪರಾಧಗಳಿಗೆ 1994ರಲ್ಲಿ 21 ವರ್ಷ ಶಿಕ್ಷೆಯಾಯಿತು. ಆ ಮನುಷ್ಯನ ಮೇಲೆ ನನಗೆ ಕಿಂಚಿತ್ತೂ ಮಮತೆಯಿಲ್ಲ. ಜೈಲಿನಲ್ಲಿ ಗಿಟಾರಿಲ್ಲದೆ ಬರೀ ಸಿಂಥಸೈಜರ್‌ನಲ್ಲಿ ಎರಡು ಆಲ್ಬಂ ಮಾಡಿದ. ಬಂದದ್ದು 1997 ಮತ್ತು 1999ರಲ್ಲಿ. ಕೋಣೆ ಅವನನ್ನು ತಣ್ಣಗಾಗಿಸಿತು ಅನ್ನಬಹುದಿತ್ತು. ಆದರೆ ಜೈಲಿಗೆ ಹೋಗುವ ಮುಂಚೆಯೇ, 1993ರಲ್ಲಿ ಧ್ವನಿಮುದ್ರಿಸಿದ್ದ ‘ಫಿಲೋಸೋಫೆಮ್’ ಆಲ್ಬಂನಲ್ಲಿ 25 ನಿಮಿಷದ ಇಂಥದೇ ಒಂದು ತುಣುಕಿದೆ. ಅಮೆರಿಕದ ಒಲಿಂಪಿಯಾದ ವುಲ್ವ್ಸ್ ಇನ್ ದಿ ಥ್ರೋನ್ ರೂಮ್ ಬ್ಯಾಂಡಿನ ವೀವರ್ ಸೋದರರು ಹೊಲಮನೆಯಲ್ಲಿ ಬದುಕಿದವರು. 2014ರ ಅವರ ‘ಸೆಲೆಸ್ಟೈಟ್’ನಲ್ಲಿ ಡ್ರಮ್ಮೂ ಇಲ್ಲ, ಹಾಡೂ ಇಲ್ಲ. ಅವರನ್ನು ಯಾರೂ ಕೂಡಿಹಾಕಿರಲಿಲ್ಲ.

ಹಾಗಾದರೆ ಅವರು ಎಲ್ಲಿಗೂ ಹೊರಳಲಿಲ್ಲವೇನೋ. ಆ ಗುಂಯ್‌ಕಾರ ಅಬ್ಬರದ ಒಳಗೇ ಇತ್ತು. ಮೇಲಿನ ಸದ್ದು ಇಂಗಿದ್ದಷ್ಟೇ. ನಮ್ಮೂರ ಕಲ್ಲೇಶ್ವರನ ಗುಡಿಯಲ್ಲಿ, ಒಂಬತ್ತನೆಯ ಶತಮಾನದ ನೊಳಂಬರ ಕಾಲದ ಆ ಚಾವಣಿಯಲ್ಲಿ, ಎಂಟು ದಿಕ್ಪಾಲಕರ ನಡುವೆ ಶಿವ ಕುಣಿಯುತ್ತಿದ್ದಾನೆ. ಚಿಕ್ಕಂದಿನಿಂದ ಅದರ ಕೆಳಗೆ ಅಂಗಾತ ಮಲಗಿ ನೋಡಿದ್ದೇನೆ. ಕತ್ತು ನೋಯುತ್ತದೆ, ಅದಕ್ಕೆ. ಅಷ್ಟು ರಭಸದ ಕುಣಿತ. ಕೇಳಿಸುವುದು ಮಾತ್ರ ಬಾವಲಿಯ ರೆಕ್ಕೆ ಸದ್ದು.

ಕಾಯಿಯನ್ನು ರಾಶಿಗಿಟ್ಟು ಇಳಿದೆ. ಜಗಲಿಯಲ್ಲಿ ಹುಡುಗ ಇಯರ್‌ಫೋನ್ ತೆಗೆಯದೆಯೇ ನಿದ್ದೆ ಹೋಗಿದ್ದ. ಬಗ್ಗಿ ಕಿವಿಗೊಟ್ಟೆ. ಏನೋ ಸಣ್ಣಗೆ ಕೇಳಿದಂತಾಯಿತು. ಅವನ ಉಸಿರೇ ಇರಬೇಕು.